ತಿನ್ನರಮ್ಮನ ಕಣ್ಣು

೨೦೦೬ರಲ್ಲಿ ನಾನು ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಒಂದು ಕಾರ್ಖಾನೆಯಲ್ಲಿ ‘ಆರ್ಟಿಸ್ಟ್ ಕಮ್ ಸೇಫ್ಟಿ ಅಸಿಸ್ಟೆಂಟ್’ ಆಗಿದ್ದೆ. ಆರ್ಟೂ ಕಮ್ಮಿ, ಸೇಫ್ಟಿಯೂ ಕಮ್ಮಿ ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಎಚ್ಚರಿಕೆಯ ಫಲಕಗಳನ್ನು ಬರೆಯುವುದು, ಬರೆದದ್ದನ್ನು ಜನ ಪಾಲಿಸುತ್ತಾರೆಯೇ ಎಂದು ನೋಡುತ್ತ ತಿರುಗುವುದು ನನ್ನ ಕೆಲಸ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್‌ಸ್ಟಾಂಡಿನಿಂದ ಮನೆಗೆ ವಾಪಸು ಓಡುವ ನನ್ನಂಥ ಹುಟ್ಟಾ ಆತಂಕದ ಮನುಷ್ಯನಿಗೆ ಇದಕ್ಕಿಂತ ಒಗ್ಗುವ ನೌಕರಿ ಇರಲಿಲ್ಲ.

ಕಲಾಶಾಲೆಗೆ ಸೇರುವಾಗ ಸಂದರ್ಶನದಲ್ಲಿ, ನಿನ್ನ ಮೇಲೆ ಯಾವ ಕಲಾವಿದರ ಪ್ರಭಾವವಿದೆ ಎಂದು ಕೇಳಿದ್ದರು. ನಾನು ಫ್ರಾನ್ಸಿನ ಇಬ್ಬರ ಹೆಸರು ಹೇಳಿದ್ದೆ. ಉಚ್ಚಾರಣೆಯೂ ತಪ್ಪು, ವಿಷಯವೂ ಸುಳ್ಳು. ನಿಜವಾಗಿ ನನ್ನ ಕೈಯಲ್ಲಿ ಕೂತಿದ್ದವರು ಚಿತ್ರದ ಕಾಳಪ್ಪನವರು. ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ಮಾರಮ್ಮನ ಗುಡಿಗಳ ಗೋಡೆಗೆ ಚಿತ್ರ ಬರೆದು ಬದುಕಿದವರು. ಅವರ ಮಾರಮ್ಮನ ಕೈಕಾಲು ನೋಡಿದರೆ ನಮ್ಮ ಅನಾಟಮಿ ಮೇಷ್ಟ್ರು ನಕ್ಕುಬಿಡುತ್ತಿದ್ದರು. ಕಣ್ಣು ನೋಡಿದರೆ ನಗು ಅಲ್ಲೇ ನಿಲ್ಲುತ್ತಿತ್ತು. ಕರಿಗುಡ್ಡೆಯನ್ನು ಮೇಲಿನ ರೆಪ್ಪೆಗೆ ತಗುಲಿಸಿ, ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಬಿಳಿ ಬಿಡುತ್ತಿದ್ದರು. ಗುಡಿಯ ಯಾವ ಮೂಲೆಗೆ ಹೋಗಿ ನಿಂತರೂ ಆ ನೋಟ ಹಿಂದೆಯೇ ಬರುತ್ತಿತ್ತು. ಇದು ಹೇಗೆಂದು ಒಮ್ಮೆ ಕೇಳಿದ್ದಕ್ಕೆ ಅವರು ಬೀಡಿ ಆರಿಸಿ, “ಕಣ್ಣ ಅಂಜ್ಕಂಡು ಬರೀಬೇಕು ಕಣಪ್ಪ. ಬರಿಯೋನಿಗೇ ಭಯ ಇಲ್ದಿದ್ರೆ ನೋಡೋನಿಗೆ ಎಲ್ಲಿಂದ ಬತ್ತದೆ?” ಎಂದಿದ್ದರು. ಅಂಜಿಕೆಯ ದಾಸ್ತಾನು ನನ್ನಲ್ಲಿ ಧಾರಾಳವಾಗಿತ್ತು. ಅದನ್ನು ಬಳಸುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಕಾರ್ಖಾನೆಯ ಹಿಂಭಾಗದಲ್ಲಿ ತಿನ್ನರ್ ಸ್ಟೋರ್ ಇತ್ತು. ಬಣ್ಣ ತೆಳುಮಾಡುವ ದ್ರಾವಣವೇ ತಿನ್ನರ್. ಅದರ ಡ್ರಮ್ಮುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಇಂಥ ದ್ರವಗಳಿಗೆ ಫ್ಲ್ಯಾಶ್ ಪಾಯಿಂಟ್ ಎಂಬುದೊಂದಿರುತ್ತದೆ. ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಶುರುಮಾಡುವ ತಾಪ ಅದು. ನಮ್ಮ ತಿನ್ನರಿಗೆ ಬಿಡದಿಯ ಬೆಳಗಿನ ಬಿಸಿಲೇ ಸಾಕಿತ್ತು. ಆ ಆವಿ ಗಾಳಿಗಿಂತ ಭಾರ. ಮೇಲೇಳದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇಷ್ಟೆಲ್ಲ ಇದ್ದೂ, ನೆರಳಿದೆ, ಮ್ಯಾನೇಜರ್ ಸುಳಿಯುವುದಿಲ್ಲ ಎಂಬ ಎರಡು ಕಾರಣಕ್ಕೆ ಪೇಂಟ್ ಶಾಪಿನವರು ಬೀಡಿ ಸೇದಲು ಆರಿಸಿಕೊಂಡಿದ್ದು ಅದೇ ಸ್ಟೋರಿನ ಬಾಗಿಲನ್ನು.

ಬೆಂಕಿಯ ಮೇಲೆ ಕೆಂಪು ಗೀಟು ಎಳೆದ ಫಲಕ ಅಲ್ಲಿ ಮೊದಲೇ ಇತ್ತು. ಅದರ ಮೊಳೆಗೆ ಯಾರೋ ಬುತ್ತಿಯ ಚೀಲ ನೇತುಹಾಕುತ್ತಿದ್ದರು. ಪೇಂಟ್ ಶಾಪಿನ ಹಿರಿಯ ಕೆಲಸಗಾರ ಬೋರಣ್ಣನನ್ನು, ಈ ಗುರುತಿನ ಅರ್ಥ ಗೊತ್ತೇನಣ್ಣ ಎಂದು ಕೇಳಿದೆ. ಹತ್ತಿರದ ಹಳ್ಳಿಯವನು, ತನ್ನ ಹೊಲವಿದ್ದ ಜಾಗದಲ್ಲೇ ಎದ್ದ ಕಾರ್ಖಾನೆಗೆ ಈಗ ಕೆಲಸಕ್ಕೆ ಬರುತ್ತಿದ್ದವನು. ತಲೆ ಕೆರೆದುಕೊಂಡು, “ಬೆಂಕಿ ಇಲ್ಲಿ ಹಚ್ಕಳಿ ಅಂತಲ್ವಾ?” ಎಂದ. ಹಾಸ್ಯವೋ ನಿಜವೋ ಇಂದಿಗೂ ತಿಳಿದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ಲಾಂಟ್ ಮ್ಯಾನೇಜರ್ ಪಾರ್ಥಸಾರಥಿಯವರು, “ಏನಾದ್ರೂ ಬೇರೆ ಥರ ಮಾಡ್ರೀ ಮಂಜುನಾಥ್, ಇಂಪ್ಯಾಕ್ಟ್ ಇರಬೇಕು” ಎಂದರು. ಸ್ಟೋರಿನ ಕಬ್ಬಿಣದ ಬಾಗಿಲಿನ ತುಂಬ ಒಂದು ಹೆಣ್ಣಿನ ಮುಖ ಬರೆದೆ. ಕೂದಲೆಲ್ಲ ಜ್ವಾಲೆ, ಹಲ್ಲಿನ ನಡುವೆ ಮುರಿದ ಬೀಡಿ. ಕಣ್ಣು ಮಾತ್ರ ಕಾಳಪ್ಪನವರದು. ಆ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅನುಮತಿ ಕೇಳುವಂತಿರಲಿಲ್ಲ. ಇದು ದೇವರಲ್ಲ ಸಾರ್, ಗ್ರಾಫಿಕ್ಸ್ ಎಂದು ಮ್ಯಾನೇಜರಿಗೆ ವಿವರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, “ಆಯ್ತು, ಆಯ್ತು” ಎಂದರು.

ಕೆಲವೇ ದಿನಗಳಲ್ಲಿ ಅಲ್ಲಿ ಬೀಡಿ ನಿಂತಿತು. ಜೀವಮಾನದಲ್ಲಿ ಮೊದಲ ಸಲ ನನ್ನ ಚಿತ್ರವೊಂದು ಕೆಲಸ ಮಾಡಿತ್ತು. ನಾನು ದಿನಕ್ಕೆರಡು ಬಾರಿ ನೆಪ ಹುಡುಕಿಕೊಂಡು ಆ ಕಡೆ ಹೋಗಿ ಬರುತ್ತಿದ್ದೆ.

ಹಾಗೆ ಹೋದಾಗಲೇ ಒಂದು ದಿನ ಆ ಹಣೆಯಲ್ಲಿ ಕುಂಕುಮ ಕಂಡಿತು. ಆಮೇಲೆ ನಿಂಬೆಹಣ್ಣು ಬಂತು. ಆಮೇಲೆ ಕನಕಾಂಬರದ ದಂಡೆ. ಒಳಗೆ ಡ್ರಮ್ ತರಲು ಹೋಗುವವರು ಚಪ್ಪಲಿ ಕಳಚತೊಡಗಿದರು. ಸೇಫ್ಟಿ ಶೂ ಹಾಕಿಕೊಳ್ಳಿ ಎಂದು ವರ್ಷಗಟ್ಟಲೆ ಗೋಗರೆದಿದ್ದವನು ನಾನು! ಗುಡಿಸುವ ಕೆಲಸದ ಸಾಕಮ್ಮನನ್ನು ವಿಚಾರಿಸಿದರೆ, “ತಿನ್ನರಮ್ಮ ಕಣಪ್ಪ. ಬೆಂಕಿ ತಂದೋರ್ನ ತಿಂದಾಕ್ತಾಳೆ” ಎಂದಳು. ತಿನ್ನರಿನ ಅಮ್ಮನೋ ತಿನ್ನುವ ಅಮ್ಮನೋ, ಎರಡೂ ಅರ್ಥಕ್ಕೆ ಹೆಸರು ಗಟ್ಟಿಯಾಗಿ ಕೂತಿತ್ತು.

ಬೋರಣ್ಣನದು ಬೇರೆಯೇ ಕಥೆ. ಒಂದು ಮಧ್ಯಾಹ್ನ ಚಟ ತಡೆಯದೆ ಸ್ಟೋರಿನ ಮುಂದೆ ಕಡ್ಡಿ ಗೀರಲು ಹೋದವನು, ಆ ಕಣ್ಣು ನೋಡಿ ಕಡ್ಡಿ ಬಿಸಾಡಿದ್ದನಂತೆ. ಅದೇ ಹೊತ್ತಿಗೆ ಒಳಗೊಂದು ಡ್ರಮ್ಮು ಸೋರಿ ಬಾಗಿಲ ತನಕ ಹರಿದಿದ್ದು ಗೊತ್ತಾಯಿತು. ಅಮ್ಮ ಜೀವ ಉಳಿಸಿದಳು, ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತೇನೆಂದು ಹರಕೆ ಹೊತ್ತ. ಹರಕೆಯ ವಿಷಯ ನನ್ನೊಬ್ಬನನ್ನು ಬಿಟ್ಟು ಉಳಿದ ಕೆಲಸಗಾರರಿಗೆಲ್ಲ ಗೊತ್ತಿತ್ತು. ನಾನು ಹೂವಿನ ಬಗ್ಗೆಯೇ ತಲೆ ಕೆಡಿಸಿಕೊಂಡು ಮ್ಯಾನೇಜರ ಬಳಿ ಹೋಗಿದ್ದೆ. ಅವರು, “ಹೂವು ತಾನೇ? ಬೆಂಕಿ ಅಲ್ವಲ್ಲ, ಬಿಡಿ” ಎಂದಿದ್ದರು.

ಆಯುಧಪೂಜೆಗೆ ಮುಂಚೆ ಯಂತ್ರಗಳನ್ನು ಒರೆಸಿ ಹೊಳಪು ಮಾಡುವುದು ಎಲ್ಲ ಕಾರ್ಖಾನೆಗಳ ಪದ್ಧತಿ. ಒರೆಸುವುದು ತಿನ್ನರಿನಿಂದಲೇ. ಹಾಗಾಗಿ ವರ್ಷದಲ್ಲಿ ಅತಿ ಹೆಚ್ಚು ಆವಿ ತುಂಬಿರುವ ದಿನವೂ ಅದೇ, ಅತಿ ಹೆಚ್ಚು ಕರ್ಪೂರ ಉರಿಯುವ ದಿನವೂ ಅದೇ. ಇದನ್ನು ಯೋಚಿಸಿಯೇ ನಾನು ಬೆಂಕಿ ಆರಿಸುವ ಸಿಲಿಂಡರುಗಳನ್ನೆಲ್ಲ ಮಂಗಳಾರತಿ ನಡೆಯುವ ದೊಡ್ಡ ಶೆಡ್ಡಿಗೆ ಸಾಗಿಸಿದ್ದೆ, ಸ್ಟೋರಿನ ಮುಂದಿದ್ದದ್ದೂ ಸೇರಿ. ಅಲ್ಲಿ ಪೂಜೆ ಸುಸೂತ್ರವಾಗಿ ಮುಗಿಯಿತು. ಪ್ರಸಾದದ ಸಾಲು ನಿಂತಿತು. ಸಾಲಿನಲ್ಲಿ ಪೇಂಟ್ ಶಾಪಿನ ಒಬ್ಬನೂ ಇರಲಿಲ್ಲ. ಪುಳಿಯೋಗರೆ ಬಿಟ್ಟು ಹೋಗಬೇಕಾದರೆ ಅದಕ್ಕಿಂತ ದೊಡ್ಡದೇನೋ ಇರಬೇಕು. ಹಿಂಭಾಗಕ್ಕೆ ಓಡಿದೆ.

ಸ್ಟೋರಿನ ಬಾಗಿಲ ಮುಂದೆ ಅವರೆಲ್ಲ ಗುಂಪಾಗಿ ನಿಂತಿದ್ದರು. ಗೋಡೆಯ ಪಕ್ಕದಲ್ಲಿ ಯಂತ್ರ ಒರೆಸಿದ ಬಟ್ಟೆಗಳ ಗುಡ್ಡೆ, ಮುಚ್ಚಳವಿಲ್ಲದ ತಿನ್ನರ್ ಡಬ್ಬಗಳು. ಮೂಗಿಗೆ ಘಾಟು ಹೊಡೆಯಿತು. ಅಮ್ಮನ ಕೊರಳಲ್ಲಿ ಚೆಂಡು ಹೂವಿನ ಹಾರ. ನೆಲದ ಮೇಲೆ, ಆವಿ ಹರಿದು ನಿಲ್ಲುವ ಅದೇ ತಗ್ಗಿನಲ್ಲಿ, ಬೂದುಗುಂಬಳಕಾಯಿ. ಅದರ ನೆತ್ತಿಯ ಮೇಲೆ ಮುಷ್ಟಿ ಕರ್ಪೂರ. ಬೋರಣ್ಣ ಕುಕ್ಕರುಗಾಲಲ್ಲಿ ಕೂತು ಬೆಂಕಿಪೊಟ್ಟಣ ತೆಗೆದಿದ್ದ. ಕಡ್ಡಿ ಬೆರಳ ನಡುವೆ ಇತ್ತು.

ಕಿರುಚಬೇಕೆನಿಸಿತು. ಕಿರುಚಿದರೆ ಗಾಬರಿಗೆ ಗೀರಿಬಿಟ್ಟರೆ? ಮೆಲ್ಲಗೆ ಹೋಗಿ ಅವನೆದುರು ಕೂತೆ.

“ಬೋರಣ್ಣ, ಬೇಡ ಕಣಣ್ಣ. ನೆಲದ ತುಂಬ ಆವಿ ನಿಂತದೆ. ಒಂದು ಕಿಡಿ ಸಾಕು, ಎಲ್ಲರೂ ಸುಟ್ಟುಹೋಗ್ತೀವಿ.”

“ಏನೂ ಆಗಕ್ಕಿಲ್ಲ, ಬುಡು ಮಂಜಪ್ಪ. ಅವಳೇ ಮುಂದೆ ನಿಂತವ್ಳೆ, ನೋಡ್ಕತಾಳೆ.”

“ಅದು ದೇವರಲ್ಲಣ್ಣ! ನಾನೇ ಬರ್ದಿದ್ದು. ನೀನೇ ಏಣಿ ಹಿಡ್ಕೊಂಡಿದ್ದೆ.”

ಬೋರಣ್ಣ ತಲೆಯೆತ್ತಿ ಬಾಗಿಲ ಕಡೆ ನೋಡಿದ, ಆಮೇಲೆ ನನ್ನ ಕಡೆ. “ಬರ್ದೋನು ನೀನೇ, ಇಲ್ಲ ಅನ್ನಕ್ಕಿಲ್ಲ. ನೋಡ್ತಾವ್ಳಲ್ಲ, ಅದು ನೀನಾ?”

ಹಿಂದಿನಿಂದ ಯಾರೋ, “ಹಚ್ಚಣ್ಣೋ, ಗಳಿಗೆ ಮೀರ್ತಾ ಐತೆ. ಆರ್ಟಿಸ್ಟಪ್ಪಂದು ಇದ್ದಿದ್ದೇ” ಎಂದರು. ಕೆಲವರು ನಕ್ಕರು. ಬೋರಣ್ಣನ ಬೆರಳು ಕಡ್ಡಿಯನ್ನು ಪೊಟ್ಟಣದ ಪಕ್ಕಕ್ಕೆ ತಂದಿತು.

ಅವಳು ಇಲ್ಲ ಎಂದು ಸಾಧಿಸುವಷ್ಟು ಹೊತ್ತು ನನಗಿರಲಿಲ್ಲ. ಇದ್ದಾಳೆ ಎಂದೇ ಮಾತಾಡಬೇಕಿತ್ತು. ಹಿಂದಿನ ತಿಂಗಳಷ್ಟೇ ನಮ್ಮ ಮಗಳಿಗೆ ಮೈಮೇಲೆ ಗುಳ್ಳೆ ಎದ್ದು ‘ಅಮ್ಮ’ ಆಗಿತ್ತು. ವಾರಗಟ್ಟಲೆ ಸಪ್ಪೆ ಸಾರು ಉಂಡು ಬೇಸತ್ತಿದ್ದ ನಾಲಿಗೆಯೇ ಮಾತಾಡಿತೆಂದು ಕಾಣುತ್ತದೆ.

“ಬೋರಣ್ಣ, ಅಮ್ಮ ಆಗಿರೋ ಮನೇಲಿ ಒಗ್ಗರಣೆ ಹಾಕ್ತೀರಾ?”

ಕಡ್ಡಿ ನಿಂತಿತು.

ಉತ್ತರ ಕೊಟ್ಟವಳು ಸಾಕಮ್ಮ. “ಅಯ್ಯೋ, ಹಾಕಕ್ಕಿಲ್ಲ ಕಣಪ್ಪ! ಚುರ್ ಅಂದ್ರೆ ಸಾಕು, ಅಮ್ಮ ಉರ್ಕತಾಳೆ.”

“ಏನು ಇಡ್ತೀರಿ ಆವಾಗ?”

“ಬೇವಿನ ಸೊಪ್ಪು, ಮೊಸರನ್ನ. ತಂಪು.”

“ಬೀಡಿ ಬೆಂಕೀನೇ ಆಗದವಳಿಗೆ ಇಷ್ಟೊಂದು ಕರ್ಪೂರ ಹಚ್ತಾ ಇದೀರಲ್ಲ” ಎಂದೆ. “ಇವಳು ತಂಪಿನಮ್ಮ ಅಲ್ವೇನಣ್ಣ?”

ಯಾರೂ ನಗಲಿಲ್ಲ. ಬೋರಣ್ಣ ಆ ಕಣ್ಣನ್ನೇ ದಿಟ್ಟಿಸುತ್ತ ಕೂತ. ದೂರದಲ್ಲಿ ಯಾವುದೋ ಲಾರಿ ಹಾರ್ನ್ ಮಾಡಿದ್ದಕ್ಕೆ ನಾನು ಬೆಚ್ಚಿದೆ, ಅವನು ಬೆಚ್ಚಲಿಲ್ಲ. ಕೊನೆಗೆ ಕಡ್ಡಿಯನ್ನು ಪೊಟ್ಟಣಕ್ಕೆ ಸೇರಿಸಿ, ಪೊಟ್ಟಣವನ್ನು ನನ್ನ ಕೈಗಿಟ್ಟ. “ಮತ್ತೆ ನನ್ ಹರಕೆ?”

“ಗೇಟಿನಾಚೆ ಒಡಿ. ಅಮ್ಮನ ದೃಷ್ಟಿ ಅಲ್ಲಿಗೂ ಬತ್ತದೆ” ಎಂದೆ. ಇಷ್ಟು ಹೊತ್ತು ಅಲ್ಲಗಳೆದವನು ಈಗ ಅವಳ ಪರವಾಗಿ ಮಾತು ಕೊಡುತ್ತಿದ್ದೆ.

ಸಾಕಮ್ಮ ಬೇವಿನ ಸೊಪ್ಪು ತಂದಳು. ಯಾರದೋ ಬುತ್ತಿಯಿಂದ ಮೊಸರನ್ನ ಬಂತು. ಒಬ್ಬ ಉತ್ಸಾಹಿ ತಂಪೆರೆಯಲು ಬಕೆಟ್ ನೀರೇ ಎತ್ತಿಕೊಂಡು ಬಂದ. ತಿನ್ನರ್ ನೀರಿನ ಮೇಲೆ ತೇಲಿಕೊಂಡು ಪಕ್ಕದ ಚರಂಡಿಗೆ ಇಳಿಯುತ್ತದೆ. ಚರಂಡಿಯ ಇನ್ನೊಂದು ತುದಿಯಲ್ಲಿ ಕ್ಯಾಂಟೀನಿನ ಒಲೆ ಉರಿಯುತ್ತಿತ್ತು. “ಒಸಿ ಸಾಕು, ಚಿಮುಕಿಸಿ ಸಾಕು!” ಎಂದು ಕೂಗಿಕೊಂಡೆ. ಅದನ್ನೂ ಶಾಸ್ತ್ರವೆಂದೇ ತಿಳಿದು ಬೇವಿನ ಎಲೆಯಲ್ಲಿ ಚಿಮುಕಿಸಿದರು. ಬೋರಣ್ಣ ಕುಂಬಳಕಾಯಿಯನ್ನು ಎದೆಗವಚಿಕೊಂಡು ಗೇಟಿನಾಚೆ ನಡೆದ. ರಸ್ತೆಯಲ್ಲಿ ಕರ್ಪೂರ ಹೊತ್ತಿ ಕಾಯಿ ಒಡೆದಾಗ ನಾನು ಅವನ ಪಕ್ಕದಲ್ಲೇ ಇದ್ದೆ, ಒಂದು ಸಿಲಿಂಡರನ್ನು ತಬ್ಬಿಕೊಂಡು.

ಸುದ್ದಿ ತಿಳಿದ ಪಾರ್ಥಸಾರಥಿಯವರು ಬಿಳಿಚಿಕೊಂಡರು. “ಇವತ್ತೇ ಅಳಿಸಿಬಿಡಿ ಅದನ್ನ.”

“ಅಳಿಸಿದರೆ ನಾಳೆ ಬೀಡಿ ವಾಪಸು ಬರ್ತದೆ ಸಾರ್.”

“ಇಟ್ಟರೆ ಕರ್ಪೂರ ಬರ್ತದೆ. ಏನ್ರೀ ಮಾಡ್ತೀರಿ?”

ರಜೆ ಮುಗಿದ ಮೇಲೆ ಏಣಿ ಹತ್ತಿದೆ. ಕಣ್ಣು ಮುಟ್ಟಲಿಲ್ಲ. ಕೂದಲಿನ ಜ್ವಾಲೆಗಳನ್ನು ಒಂದೊಂದಾಗಿ ಮುಚ್ಚಿ ಬೇವಿನ ಎಲೆಗಳನ್ನು ಬರೆದೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಅಮ್ಮನಿಗೆ ತಂಪು ಮಾತ್ರ. ಬೀಡಿ, ಕಡ್ಡಿ, ಕರ್ಪೂರ ಆಗದು’ ಎಂದು ಬರೆದೆ.

ಅಂದಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಹೆದರಿಸುವುದು ಅಷ್ಟು ಕಷ್ಟವಲ್ಲ, ಒಳ್ಳೆಯ ಗುರು ಸಿಕ್ಕರೆ ಒಂದು ಜೊತೆ ಕಣ್ಣಿನಲ್ಲೇ ಆಗುತ್ತದೆ. ಆದರೆ ನಮ್ಮ ಕಡೆ ಹೆದರಿದವನು ಓಡಿಹೋಗುವುದಿಲ್ಲ, ಕೈಮುಗಿಯುತ್ತಾನೆ. ಮುಗಿದ ಕೈ ಮುಂದೆ ಏನನ್ನು ಹಿಡಿದುಕೊಳ್ಳುತ್ತದೆ ಎಂಬುದನ್ನೂ ಬರೆಯುವವನೇ ಯೋಚಿಸಬೇಕು. ಫಲಕ ಮುಗಿದ ಮೇಲೆ ನೋಡುಗನೊಬ್ಬನನ್ನು ಮುಂದೆ ನಿಲ್ಲಿಸಿ, ಈಗ ನಿನಗೆ ಏನು ಮಾಡಬೇಕೆನಿಸುತ್ತದೆ ಎಂದು ಕೇಳದೆ ಕುಂಚ ತೊಳೆಯುವುದನ್ನು ನಾನು ಬಿಟ್ಟುಬಿಟ್ಟೆ.

ಮೊದಲು ಹಾಗೆ ನಿಲ್ಲಿಸಿದ್ದು ಬೋರಣ್ಣನನ್ನೇ. ಏಣಿಯ ಬುಡದಲ್ಲಿ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿ, ತೃಪ್ತಿಯಿಂದ ತಲೆಯಾಡಿಸಿ ಅವನು ಹೇಳಿದ:

“ಚೆಂದಾಗೈತೆ ಕಣ್ ಮಂಜಪ್ಪ. ಹಂಗಾರೆ ಊದುಬತ್ತಿ ಹಚ್ಬೋದು ಅನ್ನು.”

ಇಳಿಯುತ್ತಿದ್ದವನು ಮತ್ತೆ ಏಣಿ ಹತ್ತಿದೆ.