ಸಾಹೇಬರ ಕಹಿ ತೌಡು

ಸಾಹೇಬರು ಬಕೆಟ್ಟಿನ ಹತ್ತಿರ ಮೂಗು ತಂದರು, ಮೂಸಿದರು, ಜೋರಾಗಿ ಒಮ್ಮೆ ಸೀನಿ ತೌಡನ್ನೆಲ್ಲ ದೊಡ್ಡಮ್ಮನ ಮುಖಕ್ಕೆ ಎರಚಿ, ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಸಾಹೇಬರು ಎಂದರೆ ಕುದುರೆ. ಮಕ್ಕಳಿಗೆ ಸವಾರಿ ಕಲಿಸುವ ಶಾಲೆಯ ಲಾಯದಲ್ಲಿ ಎಲ್ಲಕ್ಕಿಂತ ಹಿರಿಯ ಕುದುರೆ. ನಿನ್ನೆಯ ಹುಲ್ಲು ಮುಟ್ಟುವುದಿಲ್ಲ, ಬಕೆಟ್ಟು ತೊಳೆಯದಿದ್ದರೆ ನೀರು ಕುಡಿಯುವುದಿಲ್ಲ. ಈ ದೌಲತ್ತು ನೋಡಿಯೇ ಯಾರೋ ಆ ಹೆಸರಿಟ್ಟಿದ್ದರು. ದೊಡ್ಡಮ್ಮ ಎಂದರೆ ಅಲ್ಲಿ ಮೇವು ಹಾಕುವವಳು. ಅವಳಿಗೆ ಒಬ್ಬ ತಂಗಿಯೂ ಇಲ್ಲ, ಆದರೂ ಸವಾರಿಗೆ ಬರುವ ಮಕ್ಕಳಿಗೆಲ್ಲ ಅವಳು ದೊಡ್ಡಮ್ಮ. ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಲು ಬಾರದ ಹೆಂಗಸು. ಬಾಯಿ ಬಿಡುವ ಮೊದಲೇ ಅವಳ ಮುಖ ಎಲ್ಲವನ್ನೂ ಹೇಳಿ ಮುಗಿಸಿರುತ್ತಿತ್ತು.

ಸಾಹೇಬರ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹಲ್ಲು ಕಡಿಯುವುದು, ಕತ್ತು ತಿರುಗಿಸಿ ತಮ್ಮ ಹೊಟ್ಟೆಯನ್ನೇ ನೋಡಿಕೊಳ್ಳುವುದು, ಮಲಗುವುದು, ಏಳುವುದು, ಮತ್ತೆ ಮಲಗುವುದು. ಮೈ ಸೊರಗಿ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಡಾಕ್ಟರಮ್ಮ ಬಂದು ನೋಡಿ ಒಂದು ಬಿಳಿ ಪುಡಿ ಕೊಟ್ಟರು.

"ದಿನಾ ಬೆಳಿಗ್ಗೆ ಮೇವಲ್ಲಿ ಬೆರೆಸಿ ಕೊಡಿ. ಬಾಯಿ ಬಿಡಿಸಿ ಬಲವಂತ ಮಾಡ್ಬೇಡಿ, ಗಾಬರಿಯಾದ್ರೆ ಹುಣ್ಣು ಇನ್ನೂ ಕೆರಳುತ್ತೆ. ಅವನಾಗೇ ತಿನ್ಬೇಕು. ಮುಟ್ಟಿದ ಮೇಲೆ ಕೈ ತೊಳ್ಕೊಳಿ, ಬಾಯಿಗೆ ಹೋಗ್ದೆ ಇರ್ಲಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನುತ್ತಾರಲ್ಲ, ಆ ಭಾಗ್ಯ ಸಾಹೇಬರ ಹಣೆಯಲ್ಲಿ ಬರೆದಿರಲಿಲ್ಲ. ಪುಡಿ ಅಷ್ಟು ಕಹಿ. ದೊಡ್ಡಮ್ಮ ಕ್ಯಾರೆಟ್ ತುರಿದು ಬೆರೆಸಿದಳು. ಬೆಲ್ಲದ ನೀರು ಸುರಿದಳು. ಸೇಬಿಗೆ ತೂತು ಕೊರೆದು ಒಳಗೆ ಪುಡಿ ತುಂಬಿದಳು. ಸಾಹೇಬರು ಸುತ್ತಲ ಸೇಬನ್ನು ನಾಜೂಕಾಗಿ ತಿಂದು, ಪುಡಿ ಇದ್ದ ನಡುಭಾಗವನ್ನು ಅವಳ ಕಾಲ ಬಳಿ ಉಗಿದರು.

ಶಾಲೆಯ ಮಾಲೀಕರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ನೋವು ನೋಡುತ್ತ ನಿಲ್ಲುವ ತಾಳ್ಮೆ ಇಲ್ಲದವರು. "ಶನಿವಾರದ ತನಕ ನೋಡ್ತೀನಮ್ಮ. ಔಷಧಿ ತಿಂದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಲಾರಿಗೆ ಹೇಳಿದೀನಿ, ಕಳಿಸಿಬಿಡೋಣ. ಇದು ನರಳಿ ನರಳಿ ಸಾಯೋದನ್ನ ಮಕ್ಕಳ ಕಣ್ಣಿಗೆ ಬೀಳಿಸೋಕೆ ನನ್ನಿಂದಾಗಲ್ಲ."

ಆ ಲಾರಿ ಹತ್ತಿದ ಮುದಿ ಕುದುರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಲಾಯದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಲಾರಿ ಬಂದ ಹಾಗೇ ಖಾಲಿ ಹೋಗುತ್ತೆ ಬಿಡಿ. ನಾನು ತಿನ್ನಿಸ್ತೀನಿ" ಎಂದಳು ದೊಡ್ಡಮ್ಮ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಗಂಡನಿಗೆ ಊಟ ಬಡಿಸಿ ಎದುರಿಗೆ ಕೂತಳು. ಗಂಡ ಬಟ್ಟೆ ಹೊಲಿಯುವವನು. ಇಡೀ ದಿನ ಮಿಷನ್ನಿನ ಮುಂದೆ ಬಾಯಿ ಮುಚ್ಚಿಕೊಂಡಿದ್ದು, ಮಾತನ್ನೆಲ್ಲ ಊಟದ ಹೊತ್ತಿಗೆ ಕೂಡಿಟ್ಟುಕೊಂಡು ಬರುತ್ತಿದ್ದ. ಎರಡು ತುತ್ತು ತಿಂದವನು ಕೈ ನಿಲ್ಲಿಸಿದ.

"ಏನೇ ಇದು? ನೀನು ಬಾಯಿಗೆ ಹಾಕ್ತಿಲ್ಲ, ನಾನು ತಿನ್ನೋದನ್ನೇ ಪೊಲೀಸರ ಥರ ನೋಡ್ತಾ ಕೂತಿದೀಯ. ಅನ್ನಕ್ಕೆ ಏನು ಬೆರೆಸಿದೀಯ, ನಿಜ ಹೇಳು."

ದೊಡ್ಡಮ್ಮ ತಟ್ಟನೆ ಎದ್ದು ನಿಂತಳು. "ಅಯ್ಯೋ ನನ್ನ ಬುದ್ಧಿಗಿಷ್ಟು!"

ಅವಳ ಅಪ್ಪ ಕುದುರೆಗಾಡಿಯಲ್ಲಿ ಸಾಮಾನು ಸಾಗಿಸುತ್ತಿದ್ದ. ಬೂಷ್ಟು ಹಿಡಿದ ಮೇವು ತಿಂದು ಅವನ ಕುದುರೆ ನಡುಬೀದಿಯಲ್ಲಿ ಒದ್ದಾಡಿ ಸತ್ತಿತ್ತು. ಅಂದಿನಿಂದ ಅವನು ಒಂದು ಚಿಟಿಕೆ ಮೇವನ್ನು ತನ್ನ ಬಾಯಿಗೆ ಹಾಕಿಕೊಳ್ಳದೆ ಯಾವ ಕುದುರೆಗೂ ಬಕೆಟ್ಟು ಇಟ್ಟವನಲ್ಲ. "ನೀನು ಬಾಯಿಗೆ ಹಾಕದ್ದನ್ನ ಬಾಯಿಲ್ಲದ ಪ್ರಾಣಿಗೆ ಹಾಕ್ಬೇಡ" ಎನ್ನುತ್ತಿದ್ದ. ಬಕೆಟ್ಟು ಎತ್ತುವ ಶಕ್ತಿ ಬಂದಾಗಿನಿಂದ ದೊಡ್ಡಮ್ಮನೂ ಹಾಗೆಯೇ. ಬಕೆಟ್ಟು ಇಡುವುದು, ಒಂದು ಚಿಟಿಕೆ ಬಾಯಿಗೆ, ಆಮೇಲೆ ಮುಂದಿನ ಕುದುರೆ. ಕೈ ತಾನಾಗಿಯೇ ಮಾಡುವ ಕೆಲಸವಾದ್ದರಿಂದ ಅದು ಅವಳ ಗಮನಕ್ಕೂ ಬರುತ್ತಿರಲಿಲ್ಲ. ಪುಡಿ ಬಂದ ದಿನದಿಂದ ಡಾಕ್ಟರಮ್ಮನ ಮಾತಿನಂತೆ ಅವಳು ಸಾಹೇಬರ ಬಕೆಟ್ಟಿನ ರುಚಿ ನೋಡುವುದು ಬಿಟ್ಟಿದ್ದಳು. ಇಷ್ಟು ವರ್ಷ ಮೊದಲ ತುತ್ತು ತಾನು ತಿಂದು ಕೊಟ್ಟವಳು ಈಗ ತಿನ್ನದೆ ಕೊಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತ ನಿಂತರೆ ಯಾವ ಕುದುರೆ ನಂಬೀತು?

ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮೊದಲು ನಗು ಕೇಳಿಸಿತು. "ಇದು ನಂಗೆ ಹೊಳೆದೇ ಇರ್ಲಿಲ್ಲ ನೋಡಿ. ಬೆರಳ ತುದಿಗೆ ಅಂಟಿದಷ್ಟು ಬಾಯಿಗೆ ಹೋದ್ರೆ ನಿಮಗೇನೂ ಆಗಲ್ಲ. ಪ್ರಯತ್ನ ಮಾಡಿ. ಏನಾಯ್ತು ಅಂತ ನಂಗೂ ಹೇಳಿ."

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ಬಕೆಟ್ಟಿಟ್ಟು, ಸಾಹೇಬರ ಕಣ್ಣೆದುರೇ ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಕಹಿ ನೆತ್ತಿಗೇರಿತು. ಕಣ್ಣು ಮುಚ್ಚಿತು, ತುಟಿ ಕಿವಿಯ ಕಡೆಗೆ ಹೋಯಿತು, ಇಡೀ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ಬಕೆಟ್ಟಿನ ಕಡೆ ಒಂದು ಹೆಜ್ಜೆ ಇಟ್ಟಿದ್ದ ಸಾಹೇಬರು ಆ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಅಂದು ಮನೆಗೆ ಬಂದವಳೇ ಹಾಗಲಕಾಯಿ ಹೆಚ್ಚಿದಳು. ಗಂಡನನ್ನು ಎದುರಿಗೆ ಕೂರಿಸಿಕೊಂಡು ಹಸಿ ಹೋಳುಗಳನ್ನು ಒಂದೊಂದಾಗಿ ಅಗಿದಳು.

"ಹುಬ್ಬು ಏರ್ತು" ಎಂದ ಅವನು. "ಈಗ ಮೂಗು. ಅಯ್ಯಯ್ಯೋ, ಈ ಮುಖ ನೋಡಿದ್ರೆ ಕುದುರೆ ಇರ್ಲಿ, ಕತ್ತೆನೂ ಹತ್ರ ಬರಲ್ಲ."

"ನಗಿಸ್ಬೇಡ್ರೀ! ಇನ್ನೊಂದು ಹೋಳು ಕೊಡಿ."

"ಮದುವೆಯಾಗಿ ಇಷ್ಟು ವರ್ಷವಾಯ್ತು, ನನ್ನ ಮುಂದೆ ಒಂದಿನ ಸಿಟ್ಟು ಮುಚ್ಚಿಟ್ಕೊಂಡವಳಲ್ಲ. ಕುದುರೆಗೋಸ್ಕರ ಈ ತಪಸ್ಸು" ಎನ್ನುತ್ತ ಅವನು ಇನ್ನೊಂದು ಹೋಳು ಕೊಟ್ಟ. ಹಾಗಲಕಾಯಿ ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ.

ಶನಿವಾರ ಅವಳು ಲಾಯಕ್ಕೆ ಹೋಗುವಾಗಲೇ ಲಾರಿ ಬಂದು ಗೇಟಿನ ಬಳಿ ನಿಂತಿತ್ತು. ಹಿಂದಿನ ಹಲಗೆ ಇಳಿಸಿದ್ದರು. ಅತ್ತ ಮತ್ತೆ ನೋಡದೆ ತೌಡು ಕಲಸಿದಳು, ಪುಡಿ ಹಾಕಿದಳು, ಬಕೆಟ್ಟಿಟ್ಟಳು. ಬೆರಳದ್ದಿ ಬಾಯಿಗಿಟ್ಟುಕೊಂಡಳು.

ಹುಬ್ಬು ಏರಲಿಲ್ಲ, ಮೂಗು ಮುರಿಯಲಿಲ್ಲ. ದಿನದ ಹಾಗೆ ನಿಧಾನವಾಗಿ ಅಗಿದು, ಬ್ರಷ್ಷು ತೆಗೆದುಕೊಂಡು ಪಕ್ಕದ ಕುದುರೆಯ ಮೈ ಉಜ್ಜತೊಡಗಿದಳು. ಬೆನ್ನ ಹಿಂದೆ ಮೂಸುವ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಅಗಿಯುವ ಸದ್ದು.

ಅಷ್ಟರಲ್ಲಿ ಮಾಲೀಕರು ಒಳಗೆ ಬಂದರು. "ಏನಾಯ್ತಮ್ಮ? ಡ್ರೈವರು ಕಾಯ್ತಿದಾನೆ." ಕಹಿಯಿನ್ನೂ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದರೆ ಮುಖ ಕೆಡುತ್ತದೆಂದು ದೊಡ್ಡಮ್ಮ ಕೈ ಎತ್ತಿ ಅವರನ್ನು ತಡೆದಳು. ಅವರು ನಿಂತಲ್ಲೇ ನಿಂತರು.

ಅರ್ಧ ಬಕೆಟ್ಟಿಗೆ ಸಾಹೇಬರು ತಲೆ ಎತ್ತಿ ಅವಳನ್ನು ನೋಡಿದರು. ಅವಳು ಬಂದು ಮತ್ತೆ ಬೆರಳದ್ದಿ ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಆದರೂ ಮುಖ ಅಲುಗಲಿಲ್ಲ. ಸಾಹೇಬರು ತಲೆ ತಗ್ಗಿಸಿ ಬಕೆಟ್ಟಿನ ತಳ ನೆಕ್ಕುವ ತನಕ ತಿಂದರು.

ಮಾಲೀಕರು ಖಾಲಿ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಲಾರಿಯ ಹಲಗೆ ಎತ್ತಿ ಹಾಕಿದ ಸದ್ದು, ಇಂಜಿನ್ನಿನ ಸದ್ದು, ಗೇಟಿನ ಸದ್ದು ಕೇಳಿಸಿದವು.

ಆಗ ದೊಡ್ಡಮ್ಮ ಕುದುರೆಯ ಕತ್ತಿಗೆ ಹಣೆ ಒತ್ತಿ, ಇಷ್ಟು ಹೊತ್ತು ಬಿಗಿಹಿಡಿದಿದ್ದ ಮುಖವನ್ನು ಸಡಿಲ ಬಿಟ್ಟು ಅತ್ತಳು.

"ಕಹಿ ಕಣೋ" ಎಂದಳು. "ನಂಗೂ ಗೊತ್ತಾಯ್ತು, ತುಂಬಾ ಕಹಿ. ನಾಳೆನೂ ಇಬ್ರೂ ತಿನ್ನೋಣ."