ಕಣ್ಣಿನ ಬದಿಯ ಮೂರು ಗುಳ್ಳೆ

ಮೊನ್ನೆ ಮರಿಮಗಳನ್ನು ಮೀಯಿಸಲು ಹಂಡೆಗೆ ಬೆಂಕಿ ಹಾಕಿದೆ. ಸೌದೆಯ ಜೊತೆ ಯಾರೋ ಗೇರುಬೀಜದ ಸಿಪ್ಪೆಯನ್ನೂ ತುರುಕಿದ್ದರು. ಆ ಹೊಗೆಯ ಘಾಟು ಮೂಗಿಗೆ ಹತ್ತಿದ್ದೇ ತಡ, ನನಗೆ ಅಂಗನವಾಡಿಯ ಟೀಚರ್ ನೆನಪಾದರು. ಮರಿಮಗಳು ಅಂದರೆ ನನ್ನ ಮೊಮ್ಮಗಳ ಮಗು, ಹುಟ್ಟಿ ಇಪ್ಪತ್ತು ದಿನ. ದಿನಕ್ಕೆ ಹತ್ತು ಸಲ ಬಟ್ಟೆ ಸರಿಸಿ ಮುಖ ನೋಡುತ್ತೇನೆ. ಮನೆಯವರೆಲ್ಲ ನಗುತ್ತಾರೆ. ನಗಲಿ!

ಈ ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಮಗಳು, ಅಳಿಯ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಮಗು ಯಡ್ತರೆಯಲ್ಲಿ ನನ್ನ ಹತ್ತಿರ. ನಾನು ಗೇರುಬೀಜದ ಫ್ಯಾಕ್ಟರಿಗೆ ಬೀಜ ಒಡೆಯಲು ಹೋಗುತ್ತಿದ್ದೆ. ಮಗುವಿನ ತೋಳಲ್ಲಿ ಒಂದು ಗುಳ್ಳೆ ಎದ್ದಿತು. ಮುತ್ತಿನ ಹಾಗೆ ಹೊಳೆಯುವಂಥದ್ದು, ನಡುವೆ ಸಣ್ಣ ಗುಳಿ. ಆಮೇಲೆ ಕುತ್ತಿಗೆಗೆ ಬಂತು, ಎಡಗಣ್ಣಿನ ಬದಿಗೆ ಮೂರು ಬಂತು. ನೋವಿಲ್ಲ, ಜ್ವರವಿಲ್ಲ, ಆದರೆ ಹೋಗುವುದೂ ಇಲ್ಲ. ಮುಖ ಹಾಳಾದರೆ ಮಗಳಿಗೆ ಏನು ಹೇಳಲಿ?

ನಾವು ಫ್ಯಾಕ್ಟರಿಯ ಹೆಂಗಸರು ನರಹುಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುತ್ತಿದ್ದೆವು. ಅದು ಚರ್ಮವನ್ನೇ ತಿನ್ನುತ್ತದೆ. ಇದೂ ಅಂಥದ್ದೇ ಅಂದುಕೊಂಡು ಕಡ್ಡಿಯ ತುದಿಯಲ್ಲಿ ತೋಳಿನ ಗುಳ್ಳೆಗೆ ಹಚ್ಚಿದೆ. ಮಗು ಕಿರುಚಿತು. ಮರುದಿನ ಅಲ್ಲಿ ಎಂಟಾಣೆಯಗಲ ಸುಟ್ಟುಹೋಗಿತ್ತು. ಆದರೂ ನನಗೆ ಬುದ್ಧಿ ಬರಲಿಲ್ಲ… ಕಣ್ಣಿನ ಬದಿಯದಕ್ಕೆ ಭಾನುವಾರ ಹಚ್ಚುವುದು ಅಂತಲೇ ಇದ್ದೆ.

ಅಂಗನವಾಡಿಯಲ್ಲಿ ತೋಳು ನೋಡಿ, ಕಣ್ಣಿನ ಬದಿಗೂ ಹಚ್ಚುತ್ತಾರಂತೆ ಎಂದು ಮಗುವಿನ ಬಾಯಿಂದಲೇ ಕೇಳಿದ ಟೀಚರ್ ಸಂಜೆಯೇ ಮನೆಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಅಮ್ಮ, ನಿಮ್ಮ ಕೈ ಒಂಚೂರ್ ತೋರ್ಸಿ, ಕಾಂಬ" ಅಂದರು.

ತೋರಿಸಿದೆ. ಕಪ್ಪಾಗಿ, ಬೆರಳ ಸಂದು ಒಡೆದ ಕೈ.

"ಇದ್ ಎಂತದ್ರಿಂದ ಆದ್ದ್?"

"ಬೀಜದ ಎಣ್ಣಿಂದ."

"ಹಂಗಾರೆ ಮಗಿನ ಕಣ್ಣ್ ಇದ್ಕಿಂತ ಗಟ್ಟಿಯಾ?"

ಎಣ್ಣೆಯ ಬಾಟ್ಲಿ ತಂದು ಅವರ ಕೈಗೇ ಕೊಟ್ಟೆ.

ಮರುದಿನ ರಜೆ ಹಾಕಿ ಅವರೇ ನಮ್ಮನ್ನು ಬೈಂದೂರಿಗೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದು ಮಕ್ಕಳಿಗೆ ಬರುವ ಒಂದು ವೈರಸ್ಸು, ಮುಟ್ಟಿದರೆ, ಒಂದೇ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆ, ಹಿಸುಕಬೇಡಿ, ತಡವಾದರೂ ತಾನಾಗಿಯೇ ಹೋಗುತ್ತದೆ ಅಂದರು ಡಾಕ್ಟರು. ಸುಟ್ಟಲ್ಲಿಗೆ ಮುಲಾಮು ಕೊಟ್ಟರು.

ಊರು ಸುಮ್ಮನಿರುತ್ತದೆಯೇ? ಇನ್ನೊಂದು ಮಗುವಿನ ತಾಯಿ ಅಂಗನವಾಡಿಯ ಬಾಗಿಲಲ್ಲೇ ನಿಂತು, "ಹ್ವಾಯ್ ಟೀಚರೇ, ಆ ಹೆಣ್ಣಿನ್ ಬೇರೆ ಕೂರ್ಸಿ. ನಮ್ಮ ಮಕ್ಳಿಗೂ ಬತ್ತ್!" ಅಂದಳು.

"ಬೇರೆ ಕೂರ್ಸುದ್ ಬ್ಯಾಡ, ಬೇರೆ ಟವೆಲ್ ಸಾಕ್. ನಿಮ್ಗೆ ಹೆದ್ರಿಕೆ ಆರೆ ನನ್ನ ಮಡ್ಲಲ್ಲೇ ಕೂರ್ಸ್ಕಂತೆ" ಅಂದರು ಟೀಚರ್.

ಹಾಗೇ ಮಾಡಿದರು ಕೂಡ. ಉದ್ದ ಕೈಯ ಅಂಗಿ ಹೊಲಿದು ತಂದರು, ಉಗುರನ್ನು ತಾವೇ ಕತ್ತರಿಸಿದರು. ಇನ್ನೂ ಹೋಗಲಿಲ್ಲವಲ್ಲ ಅಂತ ನಾನು ಗೋಳಾಡಿದಾಗೆಲ್ಲ, "ಬಂದದ್ದ್ ಹೋಪುಕೂ ದಿನ ಬೇಡ್ದಾ ಅಮ್ಮ?" ಅನ್ನುತ್ತಿದ್ದರು. ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಹೋದ ಮೇಲೆ ಮುಖದಲ್ಲಿ ಗುರುತೇ ಇಲ್ಲ. ತೋಳಿನಲ್ಲಿ ನಾನು ಸುಟ್ಟದ್ದು ಮಾತ್ರ ಉಳಿಯಿತು.

ರಜೆಗೆ ಬಂದ ಮಗಳು ಅದೇನೆಂದು ಕೇಳಿದಾಗ ಬಿಸಿನೀರು ಬಿತ್ತು ಅಂದುಬಿಟ್ಟೆ. ಟೀಚರ್ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಆಮೇಲೂ ಯಾರ ಹತ್ತಿರವೂ ಆಡಲಿಲ್ಲ. ಎಂಥ ದೊಡ್ಡ ಮನಸ್ಸು ಅವರದ್ದು! ತೀರಿಕೊಂಡು ಈಗ ಮೂರು ವರ್ಷ…

ಮೊನ್ನೆ ಮಗುವನ್ನು ಮಲಗಿಸಿ ಬಂದು ಮೊಮ್ಮಗಳಿಗೆ ಎಲ್ಲ ಹೇಳಿಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. ತೋಳಿನ ಕಲೆ ಸವರಿಕೊಂಡು, "ಅಮ್ಮಮ್ಮ, ಅವ್ರ್ ಇದ್ದಾಗ್ಳೇ ಹೇಳ್ಲಕ್ಕಿತ್ತಲ್ದಾ? ನಾನ್ ಹೋಯಿ ಒಂದ್ ಸಲ ಕಾಲ್ ಹಿಡಿತಿದ್ದೆ" ಅಂದಳು.

ಹೇಳಬಹುದಿತ್ತು. ನನ್ನ ಮರ್ಯಾದೆ ಹೋಗುತ್ತದೆ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೆ. ಈ ಮನೆಯಿಂದ ಅವರಿಗೆ ಒಂದು ನಮಸ್ಕಾರವೂ ಸಲ್ಲದೆ ಹೋಯಿತು.