ತಪ್ಪು ಯಾರದು ಎಂದು ಹವಾಲ್ದಾರ್ ಕೇಳಿದಾಗ

ಕಳಂಬೋಲಿಯ ಸಿಗ್ನಲ್ಲಿನಲ್ಲಿ ನನ್ನ ತಂಗಿ ಮಹಾದೇವಿಗೆ ಕಾರು ಗುದ್ದಿದಾಗ ನಾನು ರಸ್ತೆಯ ಈಚೆ ಬದಿಯಲ್ಲಿ ಅವಳಿಗಾಗಿ ಕಾಯುತ್ತಿದ್ದೆ. ಕಬ್ಬಿಣದ ಮಾರ್ಕೆಟ್ಟಿನ ನಮ್ಮ ಲೋಡಿಂಗ್ ಗ್ಯಾಂಗಿಗೆ ರೊಟ್ಟಿಬುತ್ತಿ ತರುತ್ತಿದ್ದಳು. ಗಾಡಿಗಳಿಗೆ ಕೆಂಪು ದೀಪ ಬಿದ್ದಿತ್ತು. ಅವಳು ಜೀಬ್ರಾ ಪಟ್ಟಿಯ ಮೇಲೇ ಇದ್ದಳು. ಆ ಕಾರು ನಿಲ್ಲಲಿಲ್ಲ.

ಓಡಿ ಹೋಗಿ ಕಾರಿನವರ ಕಾಲರ್ ಹಿಡಿದೆ. ವಿಜಯಪುರ ಕಡೆಯ ಅಷ್ಟೂ ಬೈಗುಳ ಬಾಯಿಗೆ ಬಂತು. ಆ ಮನುಷ್ಯ ಕಣ್ಣರಳಿಸಿದರು.

"ಅಯ್ಯೋ, ನೀವು ಕನ್ನಡದವರಾ ಮಾರಾಯ್ರೆ! ಮೊದಲೇ ಹೇಳುದಲ್ವಾ!"

(ಮೊದಲೇ ಹೇಳಿದ್ದರೆ ಬ್ರೇಕ್ ಹಾಕುತ್ತಿದ್ದರೇ?)

ನಗಬೇಡಿ. ಆ ಮಾತಿಗೆ ನನ್ನ ಕೈ ಸಡಿಲಾಯಿತು. ಈ ಮರಾಠಿ ನಾಡಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು 'ಏ ಹಮಾಲ್' ಎಂದೇ. ಎಸಿ ಕಾರಿನವರೊಬ್ಬರು ನನ್ನನ್ನು ಕನ್ನಡದಲ್ಲಿ, ಅದೂ 'ನೀವು' ಎಂದು ಮಾತಾಡಿಸಿದ್ದು ಅದೇ ಮೊದಲು. ಉಡುಪಿ ಕಡೆಯವರು, ಪಕ್ಕದ ಖಾರಘರದಲ್ಲಿ ಹೋಟೆಲು. ತಂಗಿಯನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಹೊರಗಿನ ಬೆಂಚಿನಲ್ಲಿ ನನ್ನ ಕೈ ಹಿಡಿದು ಕೂತರು.

"ಕೇಸ್ ಆದ್ರೆ ನಾನು ಮುಳುಗಿದೆ. ಅವರೇ ಅಡ್ಡ ಓಡಿ ಬಂದದ್ದು ಅಂತ ಒಂದು ಮಾತು ಹೇಳಿ. ಖರ್ಚೆಲ್ಲ ನಂದು. ಪರ ಊರಲ್ಲಿ ನಮಗೆ ನಾವೇ ಅಲ್ವಾ?"

ಹವಾಲ್ದಾರ್ ಬಂದು ಕೇಳಿದ: "ಚೂಕ್ ಕೋಣಾಚಿ?" ತಪ್ಪು ಯಾರದು?

"ತಿಚೀ," ಎಂದೆ. ಅವಳದು.

ಸಹಿಯನ್ನೂ ಹಾಕಿದೆ. ಒಳಗೆ ಅವಳ ಕಾಲು ತೆಗೆಯುತ್ತಿದ್ದರು.

ಮೊದಲ ಬಿಲ್ಲನ್ನು ಅವರೇ ಕಟ್ಟಿದರು. ಆಮೇಲೆ ಫೋನ್ ಎತ್ತಲಿಲ್ಲ. ಹೋಟೆಲಿಗೇ ಹೋದೆ. ಗಲ್ಲಾದಲ್ಲಿ ಅವರೇ ಕೂತಿದ್ದರು. ನನ್ನನ್ನು ನೋಡಿ ಹಿಂದಿಯಲ್ಲಿ ಕೇಳಿದರು: "ಕ್ಯಾ ಚಾಹಿಯೇ, ಭಾಯ್?" ಏನು ಬೇಕು?

ಈಗ ಪರಿಹಾರದ ಕೇಸು ಕೋರ್ಟಿನಲ್ಲಿದೆ. ಸಿಗ್ನಲ್ಲಿನ ಕ್ಯಾಮೆರಾ ಕೆಟ್ಟಿತ್ತಂತೆ. ಬೇರೆ ಸಾಕ್ಷಿ ಇಲ್ಲ. ಸ್ವಂತ ಅಣ್ಣನೇ ಅವಳ ತಪ್ಪು ಎಂದಿರುವಾಗ ಪರಿಹಾರ ಯಾಕೆ ಎನ್ನುತ್ತಾರೆ ವಿಮೆಯವರ ವಕೀಲರು. "ಈಗ ನಿಜ ಹೇಳಿದರೆ, ಅಂದು ಸುಳ್ಳು ಹೇಳಿದ್ದೇಕೆ ಎಂದು ಕೇಳುತ್ತಾರೆ. ಆಗ ಏನನ್ನುತ್ತೀ?" ಎನ್ನುತ್ತಾರೆ ನಮ್ಮ ವಕೀಲರು.

ಏನನ್ನಲಿ? ಲಂಚ ತಿಂದೆ ಎಂದರೆ ನಂಬುತ್ತಾರೆ. ಎರಡು ಮಾತು ಕನ್ನಡ ಕೇಳಿ ಕರಗಿದೆ ಎಂದರೆ ಯಾವ ಜಡ್ಜ್ ನಂಬುತ್ತಾರೆ?

ಪರ ಊರಿನಲ್ಲಿ ಕನ್ನಡ ಕೇಳಿದರೆ ತಾಯಿ ಸಿಕ್ಕಂತೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಎಷ್ಟು ಚೆಂದ ಬರೆದಿದ್ದಾನೆ ಎಂದು ನೀವೂ ಮೆಚ್ಚಿದಿರಿ. ದಯವಿಟ್ಟು ಅದನ್ನು ಮರೆತುಬಿಡಿ.

ನಾನು ಹೇಳಿದ್ದೇನು ಎಂಬುದು ತಂಗಿಗೆ ಇನ್ನೂ ಗೊತ್ತಿಲ್ಲ. ಮಂಚದ ಮೇಲೆ ಕೂತು ಓಣಿಯ ಹೆಂಗಸರಿಗೆ ಹೇಳುತ್ತಿರುತ್ತಾಳೆ: "ನಮ್ಮಣ್ಣ ಅಲ್ಲೇ ನಿಂತು ಕಣ್ಣಾರೆ ನೋಡ್ಯಾನ. ಅಂವಾ ಇರೂತನಕ ನನಗೇನ ಅಂಜಿಕಿ?"

ಅವಳಿಗೆ ಓದಲು ಬಾರದು. ಪ್ರತಿ ವಾರ ಈ ಅಂಕಣವನ್ನು ನಾನೇ ಅವಳಿಗೆ ಓದಿ ಹೇಳುತ್ತೇನೆ.

ಈ ವಾರ ಏನು ಓದಲಿ?